ಕಡತದಲ್ಲಿದ್ದ ಸಹಿ

ಪ್ರಜಾಪ್ರಭುತ್ವದಲ್ಲಿ ಮತದಾನಕ್ಕಿಂತ ಪವಿತ್ರವಾದ ಕರ್ತವ್ಯವಿಲ್ಲ; ಮತದಾರನ ಅಂತರಂಗಕ್ಕಿಂತ ಗುಪ್ತವಾದ ಸ್ಥಳವೂ ಇಲ್ಲ. ನಮ್ಮ ಮನೆಯಲ್ಲಿ ಈ ಪವಿತ್ರ ಕರ್ತವ್ಯ ಅಕ್ಟೋಬರಿನ ಯಾವುದಾದರೊಂದು ಭಾನುವಾರ, ಉಪ್ಪಿಟ್ಟು ಮುಗಿದು ಎರಡನೇ ಚಹಾ ಬರುವುದರೊಳಗೆ, ಊಟದ ಮೇಜಿನ ಮೇಲೆ ನಡೆದುಹೋಗುತ್ತಿತ್ತು. ಎರಡು ಮತಪತ್ರ, ಒಂದು ಕಪ್ಪು ಪೆನ್ನು, ಒಬ್ಬ ಮತದಾರ. ಆ ಮತದಾರ ನಾನು.

ಕ್ಯಾಲಿಫೋರ್ನಿಯಾದಲ್ಲಿ ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ. ಹೆಸರುಗಳ ಪಕ್ಕದಲ್ಲಿರುವ ಸಣ್ಣ ಗುಳ್ಳೆಗಳನ್ನು ಕಪ್ಪು ಮಾಡಿ, ಲಕೋಟೆಗೆ ಹಾಕಿ, ಹಿಂಬದಿಯಲ್ಲಿ ಸಹಿ ಮಾಡಿ ಕಳಿಸಬೇಕು. ನಮ್ಮ ಮನೆಯ ವ್ಯವಸ್ಥೆಯಲ್ಲಿ ತೆರಿಗೆಯ ಫಾರ್ಮು, ವೀಸಾದ ಫಾರ್ಮು, ಮಗಳ ಶಾಲೆಯ ಫಾರ್ಮು, ಇನ್ಶೂರೆನ್ಸಿನ ಫಾರ್ಮು ಎಲ್ಲವೂ ನನ್ನ ಖಾತೆ. ಅಡುಗೆ, ಹಬ್ಬ, ನೆಂಟರಿಷ್ಟರ ಫೋನು, ಜಗತ್ತಿನ ಉಳಿದೆಲ್ಲ ಕೆಲಸ ನನ್ನ ಹೆಂಡತಿಯ ಖಾತೆ. ಮತಪತ್ರ ನೋಡುವುದಕ್ಕೆ ಫಾರ್ಮಿನ ಹಾಗೇ ಇರುವುದರಿಂದ ಅದು ನನ್ನ ಕಡೆ ಬಂತು. ಯಾರೂ ಚರ್ಚೆ ಮಾಡಿ ತೀರ್ಮಾನಿಸಿದ್ದಲ್ಲ. ನಮ್ಮಂಥ ಎಷ್ಟೋ ಮನೆಗಳಲ್ಲಿ ಹೀಗೇ ನಡೆಯುತ್ತದೆಂದು ನನಗೆ ಗೊತ್ತು. ಗಂಡ ತುಂಬುತ್ತಾನೆ, ಹೆಂಡತಿ ಸಹಿ ಮಾಡುತ್ತಾಳೆ. ನಾನು ಅವರೆಲ್ಲರಿಗಿಂತ ಒಂದು ಹೆಜ್ಜೆ ಮುಂದೆ ಹೋಗಿದ್ದೆ. ಸಹಿಯನ್ನೂ ನಾನೇ ಮಾಡುತ್ತಿದ್ದೆ.

ಅದಕ್ಕೊಂದು ಹಿನ್ನೆಲೆಯಿದೆ, ಅಪರಾಧಗಳಿಗೆಲ್ಲ ಇರುವಂತೆ. ನಾವಿಬ್ಬರೂ ಈ ದೇಶದ ಪೌರರಾದ ವರ್ಷ ಅವಳು ತಾಯಿಗೆ ಹುಷಾರಿಲ್ಲವೆಂದು ಧಾರವಾಡಕ್ಕೆ ಹೋಗಿದ್ದಳು. ಮತದಾರರ ನೋಂದಣಿಗೆ ಕೊನೆಯ ದಿನ ಹತ್ತಿರವಾಗಿತ್ತು. ನಾನು ಆಗಷ್ಟೇ ಪಕ್ಷದ ಕೆಲಸಕ್ಕೆ ಸೇರಿ ಹೊಸ ಭಕ್ತರ ಉತ್ಸಾಹದಲ್ಲಿದ್ದೆ. ಒಂದು ಮತ ವ್ಯರ್ಥವಾಗಬಾರದೆಂದು ಅವಳ ಫಾರ್ಮನ್ನೂ ನಾನೇ ತುಂಬಿ, ಅವಳ ಹೆಸರನ್ನು ಇಂಗ್ಲಿಷಿನಲ್ಲಿ ಬಲಕ್ಕೆ ವಾಲಿಸಿ, ಕೊನೆಯ ಅಕ್ಷರಕ್ಕೊಂದು ಬಾಲ ಬಿಟ್ಟು ಸಹಿ ಹಾಕಿದೆ. ನೋಡಲು ಬಹಳ ಚೆಂದವಿತ್ತು. ಅವಳ ನಿಜವಾದ ಸಹಿ ಕನ್ನಡದಲ್ಲಿತ್ತು. ಕಾಲೇಜಿನ ಕಾಲದಿಂದಲೂ ಅವಳು ತನ್ನ ಹೆಸರನ್ನು ದುಂಡಗೆ ಬರೆದು ಕೆಳಗೊಂದು ಗೆರೆ ಎಳೆಯುತ್ತಿದ್ದಳು. ಆದರೆ ಕೌಂಟಿಯ, ಅಂದರೆ ಇಲ್ಲಿನ ಜಿಲ್ಲೆಯ, ಚುನಾವಣಾ ಕಚೇರಿಯ ಕಡತಕ್ಕೆ ಹೋದದ್ದು ನನ್ನ ಸಹಿ. ಲಕೋಟೆಯ ಮೇಲಿನ ಸಹಿಯನ್ನು ಅವರು ಕಡತದ ಸಹಿಗೆ ಹೋಲಿಸಿ ನೋಡುತ್ತಾರಾದ್ದರಿಂದ, ಆಮೇಲೆ ಬಂದ ಪ್ರತಿ ಚುನಾವಣೆಯಲ್ಲೂ ನಾನೇ ಮಾಡಬೇಕಾಯಿತು. ಅವಳು ಕಾರು ಓಡಿಸಲು ಕಲಿಯಲೇ ಇಲ್ಲವಾದ್ದರಿಂದ ಹೋಲಿಸಲು ಲೈಸೆನ್ಸಿನ ಸಹಿಯೂ ಅವರ ಬಳಿ ಇರಲಿಲ್ಲ. ಒಂದು ಸುಳ್ಳನ್ನು ಇಪ್ಪತ್ತು ವರ್ಷ ಶ್ರದ್ಧೆಯಿಂದ ಹೇಳಿದರೆ ಅದಕ್ಕೆ ದಾಖಲೆ ಎಂಬ ಹೆಸರು ಬರುತ್ತದೆ.

ಇನ್ನು ಪಕ್ಷದ ವಿಚಾರ. ನನ್ನ ಪಕ್ಷನಿಷ್ಠೆಯ ಬಗ್ಗೆ ನಾನೇ ಹೇಳಿಕೊಳ್ಳುವುದು ಸರಿಯಲ್ಲ, ಆದರೆ ಹೇಳುವವರು ಬೇರೆ ಯಾರೂ ಇಲ್ಲ. ಇಪ್ಪತ್ತು ವರ್ಷ ನಾನು ನೆವಾರ್ಕಿನ ಓಣಿಗಳಲ್ಲಿ, ಮಿಲ್ಪಿಟಾಸಿನ ಟೌನ್‌ಹೌಸುಗಳ ಮೆಟ್ಟಿಲುಗಳಲ್ಲಿ, ಕರಪತ್ರ ಹಿಡಿದು ಬಾಗಿಲು ತಟ್ಟಿದ್ದೇನೆ. ನಾಯಿಗಳು ಅಟ್ಟಿಸಿಕೊಂಡು ಬಂದಿವೆ. ಒಬ್ಬ ಅಜ್ಜಿ ನನ್ನನ್ನು ಪಿಜ್ಜಾ ತಂದವನೆಂದು ತಿಳಿದು ಕೈಯಲ್ಲಿ ಟಿಪ್ಪು ಇಟ್ಟಿದ್ದಾಳೆ. ಅಭ್ಯರ್ಥಿಗಳು ಬಂದರು, ಹೋದರು. ಕೆಲವರು ನನ್ನ ಹೆಸರನ್ನು ಮೂರು ಬಗೆಯಲ್ಲಿ ಉಚ್ಚರಿಸಿದರು, ಒಬ್ಬರು ಉಚ್ಚರಿಸುವ ಪ್ರಯತ್ನವನ್ನೇ ಕೈಬಿಟ್ಟು ‘ಮೈ ಫ್ರೆಂಡ್’ ಎಂದರು. ನಾನು ಕದಲಲಿಲ್ಲ. ಪಕ್ಷ ಯಾರನ್ನು ಅನುಮೋದಿಸಿತೋ ಅವರೇ ನನ್ನ ಅಭ್ಯರ್ಥಿ. ದೇವರನ್ನು ಆರಿಸಿಕೊಂಡ ಮೇಲೆ ಅರ್ಚಕರ ಬಗ್ಗೆ ತಕರಾರು ಮಾಡಬಾರದು ಎಂಬುದು ನನ್ನ ನಿಲುವಾಗಿತ್ತು.

ನಾನು ಹೇಳಹೊರಟ ವರ್ಷ, ಅಧ್ಯಕ್ಷರ ಅವಧಿಯ ನಡುವೆ ಬರುವ ಚುನಾವಣೆಯಲ್ಲಿ, ನಮ್ಮ ಕ್ಷೇತ್ರದ ರಾಜ್ಯ ಅಸೆಂಬ್ಲಿಯ ಸೀಟು ತೆರವಾಗಿತ್ತು. ಇಲ್ಲಿನ ಪದ್ಧತಿ ಸ್ವಲ್ಪ ವಿಚಿತ್ರ. ಬೇಸಿಗೆಯ ಮೊದಲ ಸುತ್ತಿನಲ್ಲಿ ಹೆಚ್ಚು ಮತ ಪಡೆದ ಇಬ್ಬರು, ಒಂದೇ ಪಕ್ಷದವರಾದರೂ ಸರಿ, ನವೆಂಬರಿನಲ್ಲಿ ಎದುರುಬದುರಾಗುತ್ತಾರೆ. ಈ ಸಲ ಹಾಗೇ ಆಯಿತು. ಇಬ್ಬರೂ ನಮ್ಮ ಪಕ್ಷದವರೇ. ಒಬ್ಬರು ಊರಿನ ಹಳೆಯ ಮುಖಂಡರು, ಪಕ್ಷದ ಅನುಮೋದನೆ ಪಡೆದವರು. ಇನ್ನೊಬ್ಬಳು ಶಾಲೆಗಳಲ್ಲಿ ನರ್ಸಾಗಿದ್ದ ಹೆಂಗಸು, ಯಾರ ಅನುಮೋದನೆಯೂ ಇಲ್ಲದೆ ಎದ್ದು ಬಂದವಳು. ಇಬ್ಬರ ನೀತಿಗಳಲ್ಲಿ ವ್ಯತ್ಯಾಸ ಹುಡುಕಲು ಭೂತಗನ್ನಡಿ ಬೇಕಿತ್ತು. ಆದ್ದರಿಂದಲೇ ಜಗಳ ಅಷ್ಟು ಕಹಿಯಾಗಿತ್ತು. ಎದುರು ಪಕ್ಷದವರ ಮೇಲೆ ಬಾರದ ಸಿಟ್ಟು ನಮ್ಮವಳೇ ಆದ ಅವಳ ಮೇಲೆ ನನಗೆ ಬಂದಿತ್ತು.

ನಮ್ಮಂಥ ಕಾರ್ಯಕರ್ತರ ಫೋನಿನಲ್ಲಿ ಒಂದು ಆ್ಯಪು ಇರುತ್ತದೆ. ಯಾವ ಮನೆಯಲ್ಲಿ ಯಾವ ಮತದಾರರಿದ್ದಾರೆ ಎಂದು ಅದು ತೋರಿಸುತ್ತದೆ. ಮಾತಾಡಿಸಿದ ಮೇಲೆ ಒಂದರಿಂದ ಐದರವರೆಗೆ ಗುರುತು ಹಾಕಬೇಕು. ಒಂದು ಎಂದರೆ ಖಂಡಿತ ನಮ್ಮ ಅಭ್ಯರ್ಥಿಗೆ, ಐದು ಎಂದರೆ ಖಂಡಿತ ಎದುರಾಳಿಗೆ. ಆಗಸ್ಟಿನಲ್ಲಿ ನಮ್ಮ ಓಣಿಯ ಸರದಿ ಬಂದಾಗ ನಮ್ಮ ಮನೆಯೂ ಪಟ್ಟಿಯಲ್ಲಿ ಬಂತು. ಎರಡು ಹೆಸರು. ನನ್ನ ಹೆಸರಿನ ಮುಂದೆ ಒಂದು ಒತ್ತಿದೆ. ಅವಳ ಹೆಸರಿನ ಮುಂದೆಯೂ ಒಂದು ಒತ್ತಿದೆ. ಅವಳು ಆಗ ಹತ್ತು ಹೆಜ್ಜೆ ದೂರದಲ್ಲಿ ಮಲಗಿದ್ದಳು. ಆ ವರ್ಷ ನಾನು ಮಾತಾಡಿಸದೆ ಗುರುತು ಹಾಕಿದ್ದು ಆ ಒಬ್ಬ ಮತದಾರಳಿಗೆ ಮಾತ್ರ.

ಜೂನಿನಲ್ಲಿ ಅವಳ ಮೇದೋಜೀರಕ ಗ್ರಂಥಿಯಲ್ಲಿ ಕ್ಯಾನ್ಸರ್ ಇದೆಯೆಂದು ಗೊತ್ತಾಗಿತ್ತು. ಸೆಪ್ಟೆಂಬರಿನಲ್ಲಿ ಡಾಕ್ಟರು, ಇನ್ನು ಔಷಧದಿಂದ ತೊಂದರೆಯೇ ಹೆಚ್ಚು ಎಂದು ಬಹಳ ಮೃದುವಾಗಿ ಹೇಳಿದರು. ಮುಂದಿನ ಕೋಣೆಯ ಸೋಫಾ ಗರಾಜಿಗೆ ಹೋಯಿತು. ಅಲ್ಲಿ ಆಸ್ಪತ್ರೆಯ ಮಂಚ ಬಂತು. ಕಿಟಕಿಯ ಕಡೆ ಮುಖ ಮಾಡಿ ಹಾಕಿಸಿಕೊಂಡಳು. ಹಗಲೆಲ್ಲ ಓಣಿ ನೋಡುತ್ತಿದ್ದಳು. ಪ್ಲೆಸೆಂಟನ್ನಿನಲ್ಲಿರುವ ಮಗಳು ದಿನಕ್ಕೊಮ್ಮೆ ಬಂದು ಹೋಗುತ್ತಿದ್ದಳು. ನೋಡಿಕೊಳ್ಳಲು ವಾರಕ್ಕೆ ಮೂರು ದಿನ ನರ್ಸು ಬರುತ್ತಿದ್ದಳು. ಇಂಥ ಹೊತ್ತಿನಲ್ಲಿ ನಾನು ಬೇರೆಯವರ ಬಾಗಿಲು ತಟ್ಟಲು ಹೋಗುತ್ತಿದ್ದೆನೇ ಎಂದು ನೀವು ಕೇಳಬಹುದು. ಹೋಗುತ್ತಿದ್ದೆ. ‘ಹೋಗಿ ಬರ್ರಿ, ನೀವು ಮನ್ಯಾಗ ಕೂತು ನನ್ನ ಮುಖ ನೋಡಿದ್ರ ನನಗ ಜಡ್ಡು ಜಾಸ್ತಿ ಅನಸ್ತದ’ ಎಂದು ಅವಳೇ ಕಳಿಸುತ್ತಿದ್ದಳು. ಅದನ್ನು ನಾನು ನಂಬಿದೆ. ನಂಬುವುದು ಅನುಕೂಲವಾಗಿತ್ತು.

ಒಂದು ಶನಿವಾರ ಮಿಲ್ಪಿಟಾಸಿನಲ್ಲಿ ಮೂರು ತಾಸು ತಿರುಗಿ ಸಂಜೆ ಮನೆಗೆ ಬಂದಾಗ ಅವಳು ದಿಂಬಿಗೆ ಒರಗಿ ಎದ್ದು ಕೂತಿದ್ದಳು. ಮುಖದಲ್ಲಿ ಬಹಳ ದಿನದಿಂದ ಇಲ್ಲದ ಗೆಲುವಿತ್ತು.

‘ಅಕಿ ಬಂದಿದ್ಲು’ ಅಂದಳು.

‘ಯಾರು?’

‘ನಿಮ್ಮ ವೈರಿ.’

ನಾನು ಎದುರಾಳಿಯ ಬೆಂಬಲಿಗರ ಓಣಿಗಳಿಗೆ ಲಗ್ಗೆ ಇಡಲು ಹೋದ ಹೊತ್ತಿಗೆ ಆ ಅಭ್ಯರ್ಥಿ ನನ್ನ ಮನೆಗೇ ಬಂದಿದ್ದಳು.

‘ಒಳಗ ಕರದಿ ಏನು?’

‘ಬಾಗಲಾ ತಟ್ಟಿದ್ಲು, ನರ್ಸ್ ತಗದ್ಲು, ನಾ ಬಾ ಅಂದೆ. ನೀವು ಊರವರ ಬಾಗಲಾ ತಟ್ಟಲಿಕ್ಕೆ ಹೋಗೀರಿ, ನಮ್ಮನಿ ಬಾಗಲಾ ತಟ್ಟಿದವರನ್ನ ಹೊರಗ ನಿಲ್ಲಸಲೇನು?’

‘ಏನಂದ್ಲು?’

‘ಏನಿಲ್ಲ. ದಿಂಬು ಸರಿ ಮಾಡಿದ್ಲು. ನರ್ಸ್ ಇದ್ದಾಕಿ ಅಲ್ಲಾ, ಕೈ ಛಲೋ ಅದ. ಆಮ್ಯಾಲೆ ನಿಮಗೇನು ಬೇಕು ಅಂತ ಕೇಳಿದ್ಲು.’

‘ನೀ ಏನಂದಿ?’

‘ಬಸ್ ಬೇಕಂದೆ.’

‘ಬಸ್?’

‘ಹೂಂ. ನಮ್ಮ ಓಣಿಯಿಂದ ಗ್ರೋಸರಿ ಅಂಗಡಿ ತನಕ, ಅಲ್ಲಿಂದ ಲೈಬ್ರರಿ ತನಕ. ಒಂದು ಬಸ್. ಬರದುಕೊಂಡ್ಲು.’

‘ಅಲ್ಲೆಲ್ಲಾ ನಾನ ಕಾರಿನ್ಯಾಗ ಕರಕೊಂಡು ಹೋಗ್ತಿದ್ನೆಲ್ಲಾ?’

‘ಅದಕ್ಕ.’

ನಾನು ಸೋತು, ‘ಬಸ್ ಬೇಕಂತ ನನಗೊಮ್ಮೆ ಹೇಳಬೇಕಿಲ್ಲೋ’ ಎಂದೆ.

‘ನೀವು ಯಾವ ಖಾತೆ ಮಂತ್ರಿ ಅಂತ ಹೇಳ್ಲಿ?’ ಎಂದು ನಕ್ಕಳು. ನಕ್ಕರೆ ಹೊಟ್ಟೆ ನೋಯುತ್ತಿತ್ತು. ಕೈಯಿಂದ ಒತ್ತಿ ಹಿಡಿದುಕೊಂಡು ನಕ್ಕಳು.

ಅವಳು ಹತ್ತು ವರ್ಷ ಒಂದು ಪ್ರೈಮರಿ ಶಾಲೆಯಲ್ಲಿ ಮಧ್ಯಾಹ್ನದ ಬಿಡುವಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡಿದ್ದಳು. ಬೆಳಿಗ್ಗೆ ಆಫೀಸಿಗೆ ಹೋಗುವಾಗ ನಾನು ಬಿಡುತ್ತಿದ್ದೆ. ಕೆಲಸ ಶುರುವಾಗುವವರೆಗೆ ನಾಲ್ಕು ತಾಸು ಶಾಲೆಯ ಎದುರಿನ ಲೈಬ್ರರಿಯಲ್ಲಿ ಕಾಯುತ್ತಿದ್ದಳು. ನನ್ನ ಲೆಕ್ಕದಲ್ಲಿ ಅವಳು ಓದುವ ಅಭಿರುಚಿಯವಳಾಗಿದ್ದಳು.

ಅಕ್ಟೋಬರ್ ಬಂತು, ಮತಪತ್ರಗಳು ಬಂದವು. ಭಾನುವಾರ ನಾನು ಎಂದಿನಂತೆ ಕಪ್ಪು ಪೆನ್ನು ಹುಡುಕಿ ತಂದು, ಎರಡೂ ಲಕೋಟೆ ಹರಿದು, ಮೇಜಿನ ಮೇಲೆ ಹರವಿಕೊಂಡೆ. ಮಂಚದಿಂದ ದನಿ ಬಂತು.

‘ರೀ, ನಂದು ಇಲ್ಲೆ ಕೊಡ್ರಿ. ಈ ಸಲ ನಾನ ತುಂಬ್ತೇನಿ.’

‘ನಿನಗ್ಯಾಕ ತ್ರಾಸು? ನಾ ಎರಡು ನಿಮಿಷದಾಗ...’

‘ನೀವು ಛಲೋನ ತುಂಬ್ತೀರಿ. ಗುಳ್ಳಿ ಕರ್ರಗ ಮಾಡೋದ್ರಾಗ ನಿಮ್ಮನ್ನ ಮೀರಸವ್ರಿಲ್ಲ. ಒಂದರ ವರ್ಷ ನನ್ನ ಕೇಳೀರೇನು, ಯಾವ ಗುಳ್ಳಿ ಅಂತ?’

ಕೇಳಿರಲಿಲ್ಲ. ಮರೆತಿದ್ದೆ ಎನ್ನಲೂ ಆಗುವುದಿಲ್ಲ. ಮರೆಯಬೇಕಾದರೆ ಮೊದಲು ನೆನಪಿರಬೇಕು.

ಅವಳ ಮಡಿಲಲ್ಲಿ ಒಂದು ತಟ್ಟೆ ಮಗುಚಿಟ್ಟು, ಅದರ ಮೇಲೆ ಮತಪತ್ರವಿಟ್ಟು ಕೊಟ್ಟೆ. ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಓದಿದಳು. ಜನರ ಮತಕ್ಕೆ ಬಿಟ್ಟ ರಾಜ್ಯದ ಠರಾವುಗಳು, ನೀರಿನ ಮಂಡಳಿಯ ಸದಸ್ಯರು, ನಾನು ಇಪ್ಪತ್ತು ವರ್ಷ ಹೆಸರಿನ ಚೆಂದ ನೋಡಿ ಮತ ಹಾಕುತ್ತಿದ್ದ ನ್ಯಾಯಾಧೀಶರು, ಎಲ್ಲವನ್ನೂ. ನಡುನಡುವೆ ಎಷ್ಟೋ ಸಲ ನಿದ್ದೆ ಹೋದಳು. ಮುಗಿಸಲು ಮೂರು ದಿನ ಹಿಡಿಯಿತು. ಯಾರಿಗೆ ಹಾಕಿದೆ ಎಂದು ನಾನು ಕೇಳಲಿಲ್ಲ, ಕೇಳುವ ಅಗತ್ಯವಿರಲಿಲ್ಲ. ಅವಳಾಗಿಯೇ ಹೇಳಿದಳು: ‘ನಿಮ್ಮ ಮುದುಕಗ ಹಾಕಿಲ್ಲ. ಸಿಟ್ಟು ಮಾಡಕೋಬ್ಯಾಡ್ರಿ.’ ನಾನು ಸಿಟ್ಟು ಮಾಡಿಕೊಳ್ಳಲಿಲ್ಲ, ಆದರೆ ಅವತ್ತು ಚಹಾ ಕೊಡುವಾಗ ಸಕ್ಕರೆ ಹಾಕುವುದನ್ನು ಮರೆತೆ. ಅದನ್ನು ಅವಳು ಪಕ್ಷದ ಅಧಿಕೃತ ಪ್ರತಿಕ್ರಿಯೆಯೆಂದು ಪರಿಗಣಿಸಿದಳು.

ನನ್ನ ಮತವನ್ನು ನಾನು ನಮ್ಮ ಅಭ್ಯರ್ಥಿಗೇ ಹಾಕಿದೆ.

ಎರಡೂ ಲಕೋಟೆ ಹಿಡಿದು ಲೈಬ್ರರಿ ಮುಂದೆ ಮತದ ಲಕೋಟೆಗಳಿಗೆಂದೇ ಇಟ್ಟಿದ್ದ ಡ್ರಾಪ್ ಬಾಕ್ಸಿಗೆ ಹೋದೆ. ಹಾಕುವ ಮುಂಚೆ ಅವಳ ಲಕೋಟೆ ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ಕನ್ನಡದಲ್ಲಿ ಅವಳ ಹೆಸರು, ಅಕ್ಷರಗಳು ಸ್ವಲ್ಪ ನಡುಗಿದ್ದವು, ಆದರೆ ದುಂಡಗಿದ್ದವು, ಕೆಳಗೊಂದು ಗೆರೆ. ಕಡತದಲ್ಲಿರುವುದಕ್ಕೆ ಇದು ಹೋಲುವುದಿಲ್ಲವೆಂದು ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ಮನೆಗೆ ಹೋಗಿ ಹೇಳಬಹುದಿತ್ತು. ಹೊಸದಾಗಿ ನೋಂದಣಿ ಮಾಡಿಸಲು ಇನ್ನೂ ಸಮಯವಿತ್ತು. ಯಾರು ಇದನ್ನೆಲ್ಲ ಅಷ್ಟು ಸೂಕ್ಷ್ಮವಾಗಿ ನೋಡುತ್ತಾರೆ ಎಂದುಕೊಂಡೆ. ಲಕೋಟೆ ಒಳಗೆ ಬಿದ್ದ ಸದ್ದು ಕೇಳಿಸಿತು.

ಚುನಾವಣೆ ಮುಗಿಯಿತು, ಫಲಿತಾಂಶ ಬರಲಿಲ್ಲ. ಇಲ್ಲಿ ಅಂಚೆಯ ಮತಗಳ ಎಣಿಕೆ ವಾರಗಟ್ಟಲೆ ನಡೆಯುತ್ತದೆ. ದಿನವೂ ಸಂಜೆ ಕೌಂಟಿಯವರು ಹೊಸ ಅಂಕಿ ಹಾಕುತ್ತಿದ್ದರು. ಒಂದು ದಿನ ನಮ್ಮವರು ಮುಂದೆ, ಮರುದಿನ ಎದುರಾಳಿ ಮುಂದೆ. ಅಂತರ ಎಷ್ಟು ಕಡಿಮೆಯೆಂದರೆ ಒಂದು ಕನ್ನಡ ಕೂಟದ ಊಟಕ್ಕೆ ಸೇರುವ ಜನ ಅತ್ತಿತ್ತ ಆದರೆ ಸಾಕಿತ್ತು. ಇಂಥ ಹೊತ್ತಿನಲ್ಲಿ ಎರಡೂ ಕಡೆಯವರು ತಡೆಹಿಡಿದ ಮತಗಳ ಬೆನ್ನು ಹತ್ತುತ್ತಾರೆ. ಸಹಿ ಇಲ್ಲದ ಅಥವಾ ಸಹಿ ಹೋಲದ ಲಕೋಟೆಗಳನ್ನು ಕೌಂಟಿಯವರು ತೆರೆಯದೆ ಪಕ್ಕಕ್ಕಿಡುತ್ತಾರೆ. ಮತದಾರರಿಗೆ ಒಂದು ಫಾರ್ಮು ಕಳಿಸುತ್ತಾರೆ. ಇದು ನನ್ನದೇ ಮತ ಎಂದು ಮತ್ತೆ ಸಹಿ ಮಾಡಿ ಕೊನೆಯ ದಿನದೊಳಗೆ ಕೊಡಬೇಕು. ಆ ಸಹಿ ಕಡತಕ್ಕೆ ಹೋಲಿದರೆ ಲಕೋಟೆ ತೆರೆಯುತ್ತಾರೆ. ಯಾರ್ಯಾರ ಮತ ನಿಂತಿದೆ ಎಂಬ ಪಟ್ಟಿ ಅಭ್ಯರ್ಥಿಗಳ ಕಚೇರಿಗೆ ಸಿಗುತ್ತದೆ. ಕಾರ್ಯಕರ್ತರು ತಮ್ಮ ಕಡೆಯವರೆಂದು ಗುರುತಿರುವ ಮನೆಗಳಿಗೆ ಮಾತ್ರ ಹೋಗಿ ಸಹಿ ಮಾಡಿಸುತ್ತಾರೆ. ಎದುರಾಳಿಯ ಕಡೆಯವರ ಮನೆ ಬಂದರೆ ರಸ್ತೆಯ ಆಚೆ ಬದಿಯಲ್ಲಿ ನಡೆಯುತ್ತಾರೆ.

ನಮ್ಮ ಕಡೆಯ ಪಟ್ಟಿ ಹಂಚುತ್ತಿದ್ದವಳು ಮೈಸೂರಿನ ಕಡೆಯ ಒಬ್ಬಳು ಸಾಫ್ಟ್‌ವೇರ್ ಇಂಜಿನಿಯರು, ಕೆಲಸಕ್ಕೆ ರಜೆ ಹಾಕಿ ಬಂದಿದ್ದವಳು. ಬೆಳಿಗ್ಗೆ ಫೋನು ಮಾಡಿದಳು.

‘ಅಂಕಲ್, ನಿಮ್ ಏರಿಯಾ ಲಿಸ್ಟು ಕಳ್ಸಿದೀನಿ, ನೋಡಿದ್ರಾ? ಹನ್ನೊಂದು ಮನೆ. ಅದ್ರಲ್ಲಿ ಒಂದು ನಿಮ್ದೇ!’

‘ನಂದಾ?’

‘ನಿಮ್ದಲ್ಲ, ಆಂಟಿದು. ಸಿಗ್ನೇಚರ್ ಮ್ಯಾಚ್ ಆಗ್ತಿಲ್ವಂತೆ. ಪಾಪ, ಹುಷಾರಿಲ್ವಲ್ಲಾ, ಕೈ ಶೇಕ್ ಆಗಿರುತ್ತೆ. ಆದ್ರೆ ಆಂಟಿ ನಮ್ ಸ್ಟ್ರಾಂಗ್ ಸಪೋರ್ಟರ್ರು, ನೀವೇ ಒನ್ ಅಂತ ಹಾಕಿದೀರ. ಫಸ್ಟು ನಿಮ್ಮನೇದೇ ಮಾಡಿಸ್ಬಿಡಿ ಅಂಕಲ್, ಒಂದೊಂದು ವೋಟೂ ಇಂಪಾರ್ಟೆಂಟು.’

ಹೀಗೆ ಪಕ್ಷ ನನ್ನನ್ನು, ನನ್ನದೇ ಮನೆಗೆ, ಎದುರಾಳಿಗೆ ಬಿದ್ದ ಒಂದು ಮತವನ್ನು ಉಳಿಸಲು ಕಳಿಸಿತು. ಅವಳು ನಮ್ಮವಳಲ್ಲ, ಪಟ್ಟಿಯಿಂದ ತೆಗೆ ಎಂದು ಹೇಳುವುದು ನಿಷ್ಠಾವಂತ ಕಾರ್ಯಕರ್ತನ ಕರ್ತವ್ಯವಾಗಿತ್ತು. ‘ಆಯ್ತಮ್ಮಾ’ ಎಂದು ಫೋನಿಟ್ಟೆ.

ಕೌಂಟಿಯ ಪತ್ರ ಅದೇ ಮಧ್ಯಾಹ್ನ ಬಂತು. ಅವಳಿಗೆ ಓದಿ ಹೇಳಿದೆ. ಆ ಹೊತ್ತಿಗೆ ಅವಳು ಊಟ ಬಿಟ್ಟು ನಾಲ್ಕು ದಿನವಾಗಿತ್ತು, ಚಮಚದಲ್ಲಿ ನೀರು ಮಾತ್ರ.

‘ಗೊತ್ತದ’ ಅಂದಳು. ‘ನಿನ್ನೆ ಆ ಕಡೆಯವರು ಇಬ್ಬರು ಕಾಗದಾ ಹಿಡಕೊಂಡು ಬಂದಿದ್ರು. ಅಂಗಳದಾಗ ನಿಮ್ಮ ಮುದುಕನ ಬೋರ್ಡ್ ನೋಡಿ ಹಂಗ ಹೊಳ್ಳಿ ಹೋದ್ರು. ಕೂಗಲಿಕ್ಕೆ ನನ್ನ ಕಡೆ ದನಿ ಇರಲಿಲ್ಲ.’

ನಾನು ಅಂಗಳಕ್ಕೆ ಹೋಗಿ ಬೋರ್ಡು ಕಿತ್ತು ಗರಾಜಿನಲ್ಲಿ ಸೋಫಾದ ಹಿಂದೆ ಇಟ್ಟು ಬಂದೆ. ಅದರಿಂದ ಯಾರಿಗೂ ಉಪಯೋಗವಾಗಲಿಲ್ಲ.

‘ಕಡತದಾಗ ಇರೋದು ನಿಮ್ಮ ಸಹಿ ಅಲ್ಲೇನ್ರಿ?’ ಎಂದು ಕೇಳಿದಳು.

‘ಹೌದು.’

‘ಮತ್ತ ನಂದು ಹೆಂಗ ಕೂಡತದ?’

ಆಗ ನಾನು ನನಗೆ ತೋಚಿದ ಉಪಾಯ ಹೇಳಿದೆ. ಈ ಫಾರ್ಮಿಗೆ ನಾನೇ ಹಳೆಯ ಹಾಗೆ ಸಹಿ ಹಾಕಿಬಿಡುತ್ತೇನೆ, ಅಚ್ಚೊತ್ತಿದ ಹಾಗೆ ಹೋಲುತ್ತದೆ, ಲಕೋಟೆ ತೆರೆಯುತ್ತಾರೆ, ನಿನ್ನ ಮತ ನಿನ್ನ ಅಭ್ಯರ್ಥಿಗೇ ಹೋಗುತ್ತದೆ. ನನ್ನ ಪಕ್ಷದ ವಿರುದ್ಧ ನಾನು ಫೋರ್ಜರಿ ಮಾಡಲು ಸಿದ್ಧನಾಗಿದ್ದೆ. ನನ್ನ ಜೀವನದಲ್ಲಿ ಅವಳಿಗಾಗಿ ನಾನು ಕೊಡಲು ಒಪ್ಪಿದ ಅತಿ ದೊಡ್ಡ ಉಡುಗೊರೆ ಅದೇ ಎಂದು ಆಗ ಅನ್ನಿಸಿತ್ತು.

ಅವಳು ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆ ಹೋದಳೇನೋ ಎಂದುಕೊಂಡೆ.

‘ಬ್ಯಾಡ’ ಅಂದಳು. ‘ಇದೊಂದು ನನ್ನ ಕೈಲೆ ಆಗ್ಲಿ. ಪೆನ್ನು ಕೊಡ್ರಿ. ನಾ ಸಹಿ ಮಾಡ್ತೇನಿ, ನೀವು ಹೋಗಿ ಖರೇ ಹೇಳಿ ಬರ್ರಿ. ಅಲ್ಲಿರೋದು ನಂದಲ್ಲ, ನನ್ನ ಗಂಡಂದು ಅಂತ. ಅಷ್ಟು ಹೇಳ್ರಿ.’

‘ಹೇಳಿದ್ರ ಅವರು ಬಿಡತಾರೇನ? ಅದು ಕ್ರೈಮು.’

‘ನೀವು ಮಾಡೂವಾಗ ಕ್ರೈಮ್ ಅನಸಲಿಲ್ಲ, ಹೇಳೂವಾಗ ಅನಸ್ತದೇನು?’ ಸ್ವಲ್ಪ ಸುಧಾರಿಸಿಕೊಂಡು, ‘ಎಪ್ಪತ್ತು ವರ್ಷದ ಮುದುಕನ್ನ ಒಯ್ದು ಯಾರೂ ಜೇಲಿನ್ಯಾಗ ಹಾಕೂದಿಲ್ಲ. ನಿಮ್ಮ ಊಟದ ಕಟ್ಟಳಿ ಕೇಳಿದ್ರ ತಾವಾಗೇ ಹೊಳ್ಳಿ ಮನೀಗೆ ಕಳಸ್ತಾರ’ ಅಂದಳು.

ನಾನು ಹೇಳುತ್ತೇನೆ ಎಂದೆ. ಹೇಳ್ತೀರಿ ಹೌದಿಲ್ಲೋ ಎಂದು ಇನ್ನೊಮ್ಮೆ ಕೇಳಿದಳು. ಹೌದು ಎಂದೆ. ಮಗಳು ಬಂದಿದ್ದಳು, ಅಮ್ಮನ ಬೆನ್ನಿಗೆ ಕೈ ಕೊಟ್ಟು ಎತ್ತಿ ಹಿಡಿದಳು. ‘ಅಮ್ಮಾ, ಯು ಡೋಂಟ್ ಹ್ಯಾವ್ ಟು ಡೂ ದಿಸ್’ ಎಂದಳು. ‘ಸುಮ್ಮನ ಹಿಡಕೋ’ ಎಂದಳು ಇವಳು. ಐದು ಅಕ್ಷರದ ಹೆಸರು. ಮೂರನೆಯ ಅಕ್ಷರದ ಹತ್ತಿರ ಪೆನ್ನು ಕೈಯಿಂದ ಜಾರಿತು, ಮತ್ತೆ ಹಿಡಿದಳು. ಗೆರೆ ಎಳೆಯುವಾಗ ಅದು ಕೆಳಕ್ಕೆ ಜಾರಿ ಕಾಗದದ ಅಂಚಿನವರೆಗೆ ಹೋಯಿತು. ಆದರೂ ಎಳೆದಳು.

ಮರುದಿನ ಬೆಳಿಗ್ಗೆ ಓಕ್‌ಲ್ಯಾಂಡಿನ ಕೌಂಟಿ ಕಚೇರಿಗೆ ಹೋದೆ. ಫ್ರೀವೇಯಲ್ಲಿ ಹೋಗುತ್ತ ಬಾಯಲ್ಲಿ ವಾಕ್ಯವನ್ನು ಜೋಡಿಸಿಕೊಂಡೆ. ಇಂಗ್ಲಿಷಿನಲ್ಲಿ ಅದು ಬಹಳ ಚಿಕ್ಕ ವಾಕ್ಯ. ನೋಂದಣಿಯ ಫಾರ್ಮಿನಲ್ಲಿರುವ ಸಹಿ ನನ್ನದು, ಇದು ಅವಳದು. ಇಷ್ಟೇ. ಕಾರು ನಿಲ್ಲಿಸುವವರೆಗೆ ಹತ್ತಾರು ಸಲ ಹೇಳಿಕೊಂಡೆ. ಒಂದು ಸಲವೂ ತಡವರಿಸಲಿಲ್ಲ.

ಕೌಂಟರಿನಲ್ಲಿ ನಡುವಯಸ್ಸಿನ ಹೆಂಗಸೊಬ್ಬಳಿದ್ದಳು, ಬಹಳ ಸೌಜನ್ಯದವಳು. ಫಾರ್ಮು ತೆಗೆದುಕೊಂಡು ಕಂಪ್ಯೂಟರಿನಲ್ಲಿ ನೋಡಿದಳು, ಮತ್ತೆ ಫಾರ್ಮು ನೋಡಿದಳು.

‘ಇದು ನಿಮ್ಮ ಪತ್ನಿಯೇ ಮಾಡಿದ ಸಹಿಯೇ?’ ಎಂದು ಕೇಳಿದಳು.

‘ಅವಳೇ ಮಾಡಿದ್ದು’ ಎಂದೆ. ಅಲ್ಲಿ ನಾನು ಹೇಳಿದ ನಿಜ ಅದೊಂದೇ.

‘ಹಳೆಯದಕ್ಕೂ ಇದಕ್ಕೂ ತುಂಬಾ ವ್ಯತ್ಯಾಸವಿದೆ, ಅದಕ್ಕೆ ಕೇಳಿದೆ. ಹೋಲಿಸಿ ನೋಡುವವರು ಬೇರೆ, ನಾನಲ್ಲ. ಅವರಿಗೆ ತಿಳಿಸಬೇಕಾದ ಕಾರಣವೇನಾದರೂ ಇದೆಯೇ?’

ಇದಕ್ಕಿಂತ ಅಗಲವಾಗಿ ಯಾರೂ ಬಾಗಿಲು ತೆರೆಯಲಾರರು. ಅವಳ ಹಿಂದಿನ ಗೋಡೆಯ ಮೇಲೆ ಸುಳ್ಳು ಸಹಿ ಮಾಡಿದರೆ ಏನಾಗುತ್ತದೆಂದು ದಪ್ಪ ಅಕ್ಷರದ ಫಲಕವಿತ್ತು. ನನ್ನ ಪಕ್ಕದಲ್ಲಿ ನಮ್ಮ ಕಡೆಯ ಇಬ್ಬರು ಕಾರ್ಯಕರ್ತರು ಫಾರ್ಮುಗಳ ಕಟ್ಟು ಹಿಡಿದು ನಿಂತಿದ್ದರು. ಒಬ್ಬ ನನ್ನ ಗುರುತು ಹಿಡಿದು ತಲೆಯಾಡಿಸಿದ. ಹಿಂದಿನ ಸಂಜೆಯ ಅಂಕಿಯಲ್ಲಿ ನಮ್ಮವರು ಕೂದಲೆಳೆಯಷ್ಟು ಮುಂದಿದ್ದರು. ಇದೆಲ್ಲವೂ ನನ್ನ ತಲೆಯಲ್ಲಿ ಒಟ್ಟಿಗೇ ಇತ್ತು. ಆಮೇಲೆ ಎಷ್ಟೋ ಸಲ ಬಿಡಿಸಿ ನೋಡಲು ಪ್ರಯತ್ನಿಸಿದ್ದೇನೆ. ನನ್ನ ಬಾಯಿ ಕಟ್ಟಿದ್ದು ಹೆದರಿಕೆಯೋ, ನಾಚಿಕೆಯೋ, ಇಪ್ಪತ್ತು ವರ್ಷದ ನಿಷ್ಠೆಯೋ? ಹೆದರಿಕೆ ಎಂದು ಪ್ರಮಾಣ ಮಾಡಿ ಹೇಳಲು ಸಾಧ್ಯವಾಗಿದ್ದರೆ ಸ್ವಲ್ಪ ಸಮಾಧಾನವಿರುತ್ತಿತ್ತು.

‘ಹುಷಾರಿಲ್ಲ’ ಎಂದೆ. ‘ಕೈ ನಡುಗುತ್ತದೆ.’

ಅವಳು ಮುಖ ಬಾಡಿಸಿ, ಒಂದು ಚೀಟಿಯಲ್ಲಿ ಹಾಗೇ ಬರೆದು ಫಾರ್ಮಿಗೆ ಲಗತ್ತಿಸಿದಳು. ಮತ್ತೇನಾದರೂ ಇದೆಯೇ ಎಂದು ಕೇಳಿದಳು. ಇಲ್ಲ ಎಂದೆ. ಕಾಯಿಲೆಯಿಂದ ಕೈ ನಡುಗಬಹುದು, ಲಿಪಿ ಬದಲಾಗುವುದಿಲ್ಲ. ಅದು ನನಗೂ ಗೊತ್ತಿತ್ತು. ನಿಜ ಹೇಳಿದ್ದರೆ ಅವರು ಆ ಮತವನ್ನು ಎಣಿಸುತ್ತಿದ್ದರೋ ಇಲ್ಲವೋ, ಅದು ಮಾತ್ರ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಾಗಬೇಕಾದರೆ ಹೇಳಬೇಕಿತ್ತು.

ಮನೆಗೆ ಬಂದಾಗ ಮಧ್ಯಾಹ್ನವಾಗಿತ್ತು. ನರ್ಸು ಅವಳ ತುಟಿಗೆ ಹಸಿ ಹತ್ತಿ ಒತ್ತುತ್ತಿದ್ದಳು. ನಾನು ಚಪ್ಪಲಿ ಬಿಡುವ ಸದ್ದಿಗೆ ಕಣ್ಣು ತೆರೆದಳು.

‘ಹೇಳಿದ್ರಿ?’

‘ಹೇಳಿದೆ’ ಎಂದೆ.

‘ಬೈದ್ರೇನು?’

‘ಇಲ್ಲ. ಬಹಳ ಒಳ್ಳೆಯಾಕಿ ಇದ್ಲು.’

‘ನಾ ಹೇಳಿದ್ನೆಲ್ಲಾ’ ಎಂದು ನನ್ನ ಕೈ ಹುಡುಕಿ ಹಿಡಿದುಕೊಂಡಳು. ಅವಳಿಗೆ ನನ್ನ ಮೇಲೆ ಹೆಮ್ಮೆಯಾಗಿತ್ತು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಆ ಮುಖವನ್ನು ನಾನು ಹೆಚ್ಚು ಸಲ ನೋಡಿರಲಿಲ್ಲವಾದ್ದರಿಂದ ಗುರುತು ಸಿಗಲು ಸ್ವಲ್ಪ ಹೊತ್ತು ಬೇಕಾಯಿತು. ಮುಂದಿನ ನಾಲ್ಕು ದಿನ ಮಗಳಿಗೆ, ನರ್ಸಿಗೆ, ಊರಿನಿಂದ ಫೋನು ಮಾಡಿದ ತನ್ನ ತಂಗಿಗೆ, ಎಚ್ಚರವಿದ್ದಾಗಲೆಲ್ಲ ಅವಳು ಹೇಳಿದ್ದು ಒಂದೇ. ಹೋಗಿ ಖರೇ ಹೇಳಿ ಬಂದ್ರು ನೋಡು. ನಾನು ಪಕ್ಕದಲ್ಲಿ ಕೂತು ಕೇಳುತ್ತಿದ್ದೆ. ಒಂದು ಸಲ ತಂಗಿ ಫೋನಿನಲ್ಲೇ ನನ್ನನ್ನು ಕರೆದು, ‘ಭಾವ, ನೀವು ದೊಡ್ಡವರು’ ಎಂದು ಅತ್ತಳು.

ಐದನೆಯ ದಿನ, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ಅವಳು ತೀರಿಕೊಂಡಳು. ಮಗಳು ಇದ್ದಳು, ನಾನೂ ಇದ್ದೆ. ಮೈಸೂರಿನ ಕಡೆಯವಳು ಸುದ್ದಿ ಕೇಳಿ ಬಂದಳು. ಅಡುಗೆಮನೆಗೆ ಹೋಗಿ ಯಾರೂ ಹೇಳದೆಯೇ ಎಲ್ಲರಿಗೂ ಕಾಫಿ ಮಾಡಿದಳು. ಹೊರಡುವಾಗ ಬಾಗಿಲಲ್ಲಿ ನಿಂತು, ‘ಅಂಕಲ್, ಆಂಟಿ ವೋಟು ಕೌಂಟ್ ಆಗ್ಬೇಕಿತ್ತು. ಲಾಸ್ಟ್ ತನಕ ನಮ್ ಜೊತೆ ಇದ್ರು’ ಎಂದಳು. ಹೌದಮ್ಮಾ ಎಂದೆ.

ಡಿಸೆಂಬರಿನ ಮೊದಲ ವಾರ ಕೌಂಟಿಯವರು ಅಂತಿಮ ಫಲಿತಾಂಶ ಪ್ರಕಟಿಸಿದರು. ನಮ್ಮ ಪಕ್ಷ ಅನುಮೋದಿಸಿದ ಅಭ್ಯರ್ಥಿ ಗೆದ್ದರು. ನನ್ನ ಹೆಂಡತಿಯ ಸಹಿ ಕಡತದಲ್ಲಿದ್ದುದಕ್ಕೆ ಹೋಲಲಿಲ್ಲ. ಅವಳ ಲಕೋಟೆಯನ್ನು ತೆರೆಯಲಿಲ್ಲ.